ಸ್ಟ್ರಾಬೆರಿಯ ‘ಕ್ರೌನ್’: ಗಡ್ಡೆಯೋ, ಕಿರೀಟವೋ, ಸುಳಿಯೋ?

ಪ್ರಶ್ನೆ (ಕಾಸರಗೋಡಿನಿಂದ):

ನಮಸ್ಕಾರ. ಕನ್ನಡ ಶಾಲೆಯ ಮಕ್ಕಳಿಗೂ ಮನೆಯವರಿಗೂ ಕೊಡಲು ಕೈತೋಟದ ನಾಲ್ಕು ಪುಟದ ಸೂಚನೆ ತಯಾರಾಗುತ್ತಿದೆ. ಅಲಸಂಡೆ, ಬೆಂಡೆ, ಹರಿವೆ, ಬಸಳೆಗೆ ಪದದ ಕೊರತೆಯಿಲ್ಲ. ತೊಡಕಾದದ್ದು ಸ್ಟ್ರಾಬೆರಿಯಲ್ಲಿ. ಕ್ರೌನ್ ಎಂಬುದಕ್ಕೆ ಒಂದು ಕರಡಿನಲ್ಲಿ ‘ಗಡ್ಡೆ’ ಎಂದಿದೆ, ಇನ್ನೊಂದರಲ್ಲಿ ‘ಕಿರೀಟ’. ರನ್ನರ್‌ಗೆ (ತಾಯಿಗಿಡದಿಂದ ಹೊರಟು ಮರಿ ಕೊಡುವ ಬಳ್ಳಿಗೆ) ‘ಓಡುಬಳ್ಳಿ’ ಎಂದು ಬರೆದಿದ್ದಾರೆ. ಮಲ್ಚ್‌ಗೆ (ಗಿಡದ ಸುತ್ತ ಮಣ್ಣಿನ ಮೇಲೆ ಹಾಸುವ ಹುಲ್ಲಿಗೆ) ಏನನ್ನೋಣ? ‘ಹಣ್ಣು ಬಲಿತಾಗ ಕೊಯ್ಯಬೇಕು’ ಎಂಬ ವಾಕ್ಯ ಸರಿಯೇ?

ಉತ್ತರ (ಬದಿಯಡ್ಕದಿಂದ):

ಮಾಷ್ಟ್ರೇ, ‘ಗಡ್ಡೆ’ಯನ್ನು ದಯವಿಟ್ಟು ಮೊದಲು ತೆಗೆಯಿರಿ. ಗಡ್ಡೆ ಎಂದು ಓದಿದವರು ಹೊಂಡ ತೋಡಿ ಹೂಳುತ್ತಾರೆ. ಕೇನೆ, ಕೆಸು, ಶುಂಠಿ ಎಲ್ಲವನ್ನೂ ಹಾಗೆಯೇ ನೆಟ್ಟು ಅಭ್ಯಾಸ. ಸ್ಟ್ರಾಬೆರಿಯನ್ನು ಹಾಗೆ ಹೂತರೆ ಕೊಳೆಯುತ್ತದೆ. ಕ್ರೌನ್ ಎಂದರೆ ಉದ್ದ ಬೆಳೆಯದೆ ಗಿಡ್ಡಾಗಿ ಉಳಿದ ಕಾಂಡ. ಅದರ ಕೆಳಗಿನಿಂದ ಬೇರು ಇಳಿಯುತ್ತದೆ, ಸುತ್ತ ಎಲೆ ಹೊರಡುತ್ತದೆ, ನೆತ್ತಿಯಲ್ಲಿ ಹೊಸ ಚಿಗುರಿನ ಮೊಗ್ಗು ಇರುತ್ತದೆ. ‘ಕಿರೀಟ’ದಿಂದ ಅಪಾಯವೇನೂ ಇಲ್ಲ, ಪ್ರಯೋಜನವೂ ಇಲ್ಲ. ಗಿಡವನ್ನು ಕೈಯಲ್ಲಿ ಹಿಡಿದವರಿಗೆ ಕಿರೀಟ ಯಾವುದೆಂದು ಗೊತ್ತಾಗುವುದಿಲ್ಲ.

ಒಂದೇ ಪದ ಹುಡುಕುವ ಬದಲು ಎರಡು ಪದ ಬಳಸಿ: ಇಡೀ ತುಂಡಿಗೆ ‘ಬುಡ’, ನೆತ್ತಿಯ ಚಿಗುರಿಗೆ ‘ಸುಳಿ’. ಸೂಚನೆ ಹೀಗಿರಲಿ: ‘ಬುಡದ ಅರ್ಧ ಮಣ್ಣಿನೊಳಗೆ, ಸುಳಿ ಮಣ್ಣಿನ ಮೇಲೆ.’ ತೆಂಗು, ಕಂಗು ಬೆಳೆಸುವ ಊರಿನಲ್ಲಿ ಸುಳಿ ಎಂದರೆ ಏನು, ಅದರಲ್ಲಿ ನೀರು ನಿಂತರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ರೋಗದ ದೃಷ್ಟಿಯಿಂದಲೂ ಈ ಪದ ಹೊಂದುತ್ತದೆ. ತೆಂಗಿನ ಸುಳಿಕೊಳೆ, ಅಡಿಕೆಯ ಕೊಳೆರೋಗ, ಸ್ಟ್ರಾಬೆರಿಯ ಬುಡಕೊಳೆ ಮೂರಕ್ಕೂ ಕಾರಣ ಫೈಟೋಫ್ತೋರಾ ಎಂಬ ಒಂದೇ ಕುಲದ ಬೇರೆ ಬೇರೆ ಜಾತಿಯ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳು.

ನೆಡುವ ವಿಧಾನಕ್ಕೆ ಇನ್ನೆರಡು ಸಾಲು ಸೇರಿಸಿ. ಬೇರನ್ನು ಬೀಸಣಿಗೆಯಂತೆ ಹರಡಿ, ಮಣ್ಣು ತುಂಬಿ, ಬುಡದ ಎರಡೂ ಬದಿ ಬೆರಳಿನಿಂದ ಒತ್ತಬೇಕು. ನೀರು ಹೊಯ್ದಾಗ ಮಣ್ಣು ಕುಸಿಯುತ್ತದೆ, ಕೆಲವೊಮ್ಮೆ ಕೊಚ್ಚಿಕೊಂಡು ಬಂದು ಸುಳಿಗೇ ತುಂಬುತ್ತದೆ. ಆದ್ದರಿಂದ ಎರಡು ದಿನ ಬಿಟ್ಟು ಮತ್ತೆ ನೋಡಬೇಕು. ಸುಳಿಯಲ್ಲಿ ಮಣ್ಣಿದ್ದರೆ ಬಿಡಿಸಬೇಕು, ಬೇರು ಕಾಣುತ್ತಿದ್ದರೆ ಅಷ್ಟಕ್ಕೇ ಮಣ್ಣು ಕೊಡಬೇಕು. ಬುಡಕೊಳೆ ಹಿಡಿದ ಗಿಡದಲ್ಲಿ ಎಳೆ ಎಲೆಗಳು ಮೊದಲು ನೀಲಿ ಮಿಶ್ರಿತ ಹಸಿರಾಗಿ ಬಾಡುತ್ತವೆ. ಬುಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕೆಂಪು ಕಂದು ಬಣ್ಣ. ಅಂಥ ಗಿಡವನ್ನು ಚಟ್ಟಿಯ ಮಣ್ಣು ಸಮೇತ ತೆಗೆದುಬಿಡಬೇಕು. ಆ ಮಣ್ಣಿಗೆ ಮತ್ತೆ ಸ್ಟ್ರಾಬೆರಿ ಬೇಡ.

ರನ್ನರ್‌ಗೆ ‘ಓಡುಬಳ್ಳಿ’ ಏಕೆ? ನೆಲದಲ್ಲಿ ಬಳ್ಳಿ ಹಬ್ಬುತ್ತದೆ, ಓಡುವುದಿಲ್ಲ. ‘ಹಬ್ಬುಬಳ್ಳಿ’ ಎನ್ನಿ. ಒಂದೆಲಗ (ನಮ್ಮ ಉರಗೆ, ತುಳುವಿನ ತಿಮರೆ) ಹಬ್ಬುವುದನ್ನು ನೋಡದ ಮಗು ಇಲ್ಲಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಬರೆಯಲೇಬೇಕು. ಒಂದೆಲಗವೂ ಕರಿಮೆಣಸಿನ ಹಬ್ಬುಬಳ್ಳಿಯೂ ಗಂಟು ಗಂಟಿಗೆ ಬೇರು ಬಿಡುತ್ತವೆ. ಸ್ಟ್ರಾಬೆರಿಯಲ್ಲಿ ತಾಯಿಯಿಂದ ಮೊದಲ ಗಂಟು ಸಾಮಾನ್ಯವಾಗಿ ಖಾಲಿ, ಎರಡನೆಯ ಗಂಟಿನಲ್ಲಿ ಮರಿ. ಮುಂದೆಯೂ ಒಂದು ಬಿಟ್ಟು ಒಂದು. ಮೊದಲ ಗಂಟನ್ನು ಮಣ್ಣಿಗೆ ಒತ್ತಿ ಕಾದರೆ ಏನೂ ಬಾರದು. ಎರಡನೆಯದನ್ನು ಬಳ್ಳಿಗೆ ಜೋಡಿಸಿದಂತೆಯೇ ಸಣ್ಣ ಚಟ್ಟಿಯ ಮೇಲಿಟ್ಟು, ಬಾಗಿಸಿದ ತಂತಿಯಿಂದ ಕಚ್ಚಿಸಿ, ಮೂರು ನಾಲ್ಕು ವಾರದಲ್ಲಿ ಬೇರು ಹಿಡಿದ ಮೇಲೆ ಕತ್ತರಿಸಬೇಕು. ಹಣ್ಣು ಬೇಕಾದ ಗಿಡದಲ್ಲಿ ಹಬ್ಬುಬಳ್ಳಿ ಕಂಡ ಕೂಡಲೇ ಚಿವುಟಿ. ಮರಿಗೆ ‘ಕಂದು’ ಎಂದೂ ಬರೆಯಬೇಡಿ. ಬಾಳೆಕಂದು ತಾಯಿಯ ಬುಡದಲ್ಲೇ ಏಳುತ್ತದೆ, ಇದು ದೂರದಲ್ಲಿ ಏಳುತ್ತದೆ. ‘ಮರಿಗಿಡ’ ಸಾಕು.

‘ಬಲಿತಾಗ ಕೊಯ್ಯಬೇಕು’ ಎಂಬುದು ತಪ್ಪು ದಾರಿಗೆ ಎಳೆಯುತ್ತದೆ. ಮಾವು ಬಲಿತರೆ ಕೊಯ್ದು ಹುಲ್ಲಿನಲ್ಲಿ ಹಣ್ಣಿಗಿಡುತ್ತೇವೆ. ಸ್ಟ್ರಾಬೆರಿ ಕೊಯ್ದ ಮೇಲೆ ಸಿಹಿಯಾಗುವುದಿಲ್ಲ; ಬಣ್ಣ ತುಸು ಏರಬಹುದು, ಹುಳಿ ಹುಳಿಯಾಗಿಯೇ ಉಳಿಯುತ್ತದೆ. ‘ತೊಟ್ಟಿನ ಬಳಿಯ ಬಿಳಿ ಹೋಗಿ ಪೂರ್ತಿ ಕೆಂಪಾದ ಮೇಲೆ, ಬೆಳಗ್ಗೆ, ತೊಟ್ಟು ಸಮೇತ ಕೊಯ್ಯಿರಿ’ ಎಂದು ಬರೆಯಿರಿ.

ಮಕ್ಕಳು ಬೀಜ ಹೊರಗೇಕೆ ಎಂದು ಕೇಳಿಯೇ ಕೇಳುತ್ತಾರೆ. ಆ ಕಾಳುಗಳೇ ನಿಜವಾದ ಕಾಯಿಗಳು, ಪ್ರತಿಯೊಂದರೊಳಗೂ ಒಂದು ಬೀಜ. ಕೆಂಪು ತಿರುಳು ಹೂವಿನ ಪೀಠ ಉಬ್ಬಿದ್ದು, ಗೇರಿನಲ್ಲಿ ತೊಟ್ಟು ಉಬ್ಬಿ ಗೇರುಹಣ್ಣಾಗುವ ಹಾಗೆ. ಪರಾಗ ತಾಗದ ಕಾಳಿನ ಸುತ್ತ ತಿರುಳು ಉಬ್ಬುವುದಿಲ್ಲ, ಹಣ್ಣು ಸೊಟ್ಟಗಾಗುತ್ತದೆ. ಮುಜಂಟಿ ಜೇನು ಬಾರದ ಜಗಲಿಯಲ್ಲಿಟ್ಟಿದ್ದರೆ ಮೆದು ಕುಂಚದಿಂದ ಅರಳಿದ ಹೂವಿನ ನಡುವೆ ಸುತ್ತಲೂ ಸವರಬೇಕು.

ಮಲ್ಚ್‌ಗೆ ‘ಹೊದಿಕೆ’ ಎಂಬುದು ಚಾಲ್ತಿಯಲ್ಲಿದೆ, ಅದೇ ಇರಲಿ. ಎರಡು ಇಂಚು ದಪ್ಪ ಒಣ ಬೈಹುಲ್ಲು ಹಾಕಿ, ಬುಡದಿಂದ ಎರಡು ಬೆರಳು ದೂರ ಬಿಡಬೇಕು. ಹಣ್ಣು ಮಣ್ಣಿಗೆ ತಾಗಿದರೆ ಬೂದು ಬೂಷ್ಟು ಹಿಡಿಯುತ್ತದೆ. ಹಸಿ ಸೊಪ್ಪು ಬೇಡ, ಅದರಡಿ ಬಸವನಹುಳು ಸೇರುತ್ತದೆ.

ಮಣ್ಣಿನ ಬಗ್ಗೆ ಕರಡಿನಲ್ಲಿರುವುದು ಹೆಚ್ಚುಕಡಿಮೆ ಸರಿ: ಸುಡುಮಣ್ಣು ಅಥವಾ ತೋಟದ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಹುಡಿ ಒಂದು ಪಾಲು. ಇಲ್ಲಿ ಅಂಗಡಿಯಲ್ಲಿ ‘ಚಕಿರಿಚ್ಚೋರ್’ ಎಂದು ಕೇಳಿದರೆ ಬೇಗ ಸಿಗುತ್ತದೆ, ಆ ಪದವನ್ನೂ ಪಕ್ಕದಲ್ಲಿ ಕೊಡಿ. ಹುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕೆಂಬುದು ಬಿಟ್ಟುಹೋಗಿದೆ. ಅದರಲ್ಲಿ ಉಪ್ಪಿದ್ದರೆ ಸ್ಟ್ರಾಬೆರಿಯ ಎಲೆಯಂಚು ಸುಟ್ಟ ಹಾಗಾಗುತ್ತದೆ.

ತಿಂಗಳು ಮಾತ್ರ ದಪ್ಪ ಅಕ್ಷರದಲ್ಲಿ ಬರಲಿ. ತಂಪು ಬೇಡುವ ಗಿಡವಿದು. ಸೆಕೆ 30 ಡಿಗ್ರಿ ದಾಟಿದರೆ ಹೂಮೊಗ್ಗು ಹುಟ್ಟುವುದು ನಿಂತೇಹೋಗುತ್ತದೆ. ಕಾಸರಗೋಡಿನಲ್ಲಿ ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವೆ ನೆಟ್ಟು, ಫೆಬ್ರವರಿಯೊಳಗೆ ಸಿಕ್ಕಿದ್ದನ್ನು ಕೊಯ್ಯುವುದು. ಗಿಡಕ್ಕೆ ಹತ್ತು ಇಪ್ಪತ್ತು ಹಣ್ಣು ಬಂದರೆ ಸಂತೋಷಪಡಬೇಕು. ಸ್ಟ್ರಾಬೆರಿಗೆ ಹೆಸರಾದ ಮಹಾಬಳೇಶ್ವರದ ಇಳುವರಿಯನ್ನು ಇಲ್ಲಿಯ ಮಕ್ಕಳಿಗೆ ಆಸೆ ತೋರಿಸುವುದು ನ್ಯಾಯವಲ್ಲ. ಹೊಟ್ಟೆಗಾಗುವಷ್ಟು ಬೆಳೆ ಬೇಕಾದರೆ ಅದೇ ಹೊತ್ತಿಗೆ ಪಕ್ಕದ ಸಾಲಿನಲ್ಲಿ ಹರಿವೆ, ಅಲಸಂಡೆ ಹಾಕಲಿ.

ಸೇರಿಕೆ (ಹೊಸೂರಿನಿಂದ):

ನಮ್ಮ ಕಡೆ ಸಾವಿರ ಮೀಟರಿಗೆ ಹತ್ತಿರದ ಎತ್ತರ, ಚಳಿ ಇನ್ನಷ್ಟು ದಿನ ಇರುತ್ತದೆ, ಮಾರ್ಚ್‌ವರೆಗೂ ಹಣ್ಣು ಸಿಗುತ್ತದೆ. ‘ಸುಳಿ’ ಇಲ್ಲಿಯೂ ಸಲ್ಲುತ್ತದೆ, ಬಾಳೆ ಸುಳಿ ಎನ್ನುತ್ತೇವೆ. ಬೇರೆಯಾಗುವುದು ಮೇಲಿನ ಉತ್ತರದ ‘ಸಾಲು’. ಇಲ್ಲಿ ಎತ್ತರಿಸಿ ಮಟ್ಟ ಮಾಡಿದ್ದು ‘ಮಡಿ’, ಗಿಡದ ಸುತ್ತ ನೀರು ನಿಲ್ಲಲು ತೋಡಿದ್ದು ‘ಪಾತಿ’. ಸ್ಟ್ರಾಬೆರಿಗೆ ಪಾತಿ ಮಾಡಿದರೆ ಕೆಟ್ಟಿತು, ಮಡಿಯೇ ಆಗಬೇಕು.

ಇನ್ನೊಂದು ಪದ: ಬಿಸಿಲು ಏರಿದಾಗ ಎಲೆಯಡಿ ಬಲೆ ಕಟ್ಟುವ ಕೆಂಪು ಜೀವಿಗೆ ‘ಹೇನು’ ಎನ್ನಬೇಡಿ, ‘ನುಸಿ’ ಎನ್ನಿ. ತೆಂಗಿನ ನುಸಿಪೀಡೆಯಿಂದಾಗಿ ಪದ ಎಲ್ಲರಿಗೂ ಪರಿಚಿತ. ಹೇನು ಕೀಟ, ನುಸಿ ಜೇಡದ ಬಳಗದ್ದು. ಹೇನಿಗೆಂದು ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಹುಳಗಳು ಸತ್ತು ನುಸಿ ಇಮ್ಮಡಿಯಾಗುತ್ತದೆ. ಎಲೆಯ ಅಡಿಭಾಗಕ್ಕೆ ಬೆಳಗ್ಗೆ ರಭಸವಾಗಿ ನೀರು ಹಾಯಿಸಬೇಕು. ಬಗ್ಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯುವಷ್ಟು ಸೋಪುನೀರು ಕೂಡಿಸಿ ಸಂಜೆ ಸಿಂಪಡಿಸಿ, ಹೂವಿನ ಮೇಲೆ ಬೀಳದಂತೆ.