ಥರ್ಮೋಸಲೈನೋಗ್ರಾಫ್‌ಗೂ ಸಿಟಿಡಿಗೂ ತಾಪಮಾನ ತಾಳೆಯಾಗುತ್ತಿಲ್ಲ

ಉಪ್ಪುನೀರು: ಏಪ್ರಿಲ್ ಕೊನೆಯ ಡೇಟಾ, ಲಕ್ಷದ್ವೀಪದ ಹತ್ತಿರದ್ದು. ಹಡಗಿನ ಥರ್ಮೋಸಲೈನೋಗ್ರಾಫ್ (ಸಮುದ್ರದ ನೀರನ್ನು ಪೈಪಿನಲ್ಲಿ ಒಳಗೆಳೆದು ತಾಪಮಾನ, ಉಪ್ಪಿನಂಶ ಅಳೆಯುವ ಉಪಕರಣ) 5 ಮೀಟರ್ ಆಳದ ನೀರು ಎಳೆದುಕೊಳ್ಳುತ್ತದೆ. ರಾತ್ರಿಯೆಲ್ಲ ಸಿಟಿಡಿಗಿಂತ (ನೀರಿಗಿಳಿಸಿ ಆಳ ಆಳಕ್ಕೂ ತಾಪಮಾನ, ಉಪ್ಪಿನಂಶ ಅಳೆಯುವ ಉಪಕರಣ) 0.3 ಡಿಗ್ರಿ ಜಾಸ್ತಿ ತೋರಿಸುತ್ತದೆ. ಮಧ್ಯಾಹ್ನ ಉಲ್ಟಾ! ಸಿಟಿಡಿಯಲ್ಲಿ 2 ಮೀಟರ್‌ಗೆ 31.4, ಥರ್ಮೋಸಲೈನೋಗ್ರಾಫ್‌ನಲ್ಲಿ 30.6. ಯಾವ ಸೆನ್ಸರ್ ಕೆಟ್ಟಿದೆ?

ಲಂಗರು: ಎರಡೂ ಕೆಟ್ಟಿರಲಿಕ್ಕಿಲ್ಲ. ಮಧ್ಯಾಹ್ನ ಸಿಟಿಡಿಯಲ್ಲಿ 5 ಮೀಟರ್‌ಗೆ ಎಷ್ಟಿದೆ? ಗಾಳಿ ಎಷ್ಟಿತ್ತು?

ಉಪ್ಪುನೀರು: 5 ಮೀಟರ್‌ಗೆ 30.3. ಗಾಳಿ ಸೆಕೆಂಡಿಗೆ 2 ಮೀಟರ್‌ಗಿಂತ ಕಡಿಮೆ.

ಲಂಗರು: ನೋಡಿ, ಮಧ್ಯಾಹ್ನವೂ ವ್ಯತ್ಯಾಸ ಅದೇ 0.3. ಅದು ಪೈಪಿನ ಕಾಟ. ನೀರು ಹಡಗಿನೊಳಗೆ ಹಾದು ಬರುವಷ್ಟರಲ್ಲಿ ಬಿಸಿಯಾಗುತ್ತದೆ. ಫಿಲ್ಟರ್ ಕಟ್ಟಿಕೊಂಡು ಹರಿವು ಕಮ್ಮಿಯಾದರೆ ಇನ್ನೂ ಜಾಸ್ತಿ. ನೀರು ಒಳಬರುವ ಜಾಗದಲ್ಲೇ ಎಸ್‌ಬಿಇ 38 ಥರದ ಇನ್ನೊಂದು ತಾಪಮಾನ ಸೆನ್ಸರ್ ಇದೆಯಾ ನೋಡಿ. ಇದ್ದರೆ ಸಮುದ್ರದ ತಾಪಮಾನಕ್ಕೆ ಅದೇ ಕಾಲಮ್ ಬಳಸಿ. ಉಪ್ಪಿನಂಶದ ಲೆಕ್ಕಕ್ಕೆ ಮಾತ್ರ ಒಳಗಿನ ತಾಪಮಾನವೇ ಬೇಕು, ಉಪ್ಪಿನಂಶ ಲೆಕ್ಕಹಾಕಲು ಬೇಕಾದ ಕಂಡಕ್ಟಿವಿಟಿ (ವಿದ್ಯುತ್ ವಾಹಕತೆ) ಅಳೆಯುವುದು ಅಲ್ಲೇ ಅಲ್ವಾ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಇನ್ನು ಆ 31.4. ಅದು ನಿಜವಾದ ಬಿಸಿ ಪದರವೇ ಇರಬೇಕು. ಗಾಳಿ ಬಿದ್ದುಹೋದಾಗ ಬಿಸಿಲಿನ ಶಾಖ ಮೇಲಿನ ಒಂದೆರಡು ಮೀಟರ್‌ನಲ್ಲೇ ಉಳಿದುಬಿಡುತ್ತದೆ. ಪಶ್ಚಿಮ ಪೆಸಿಫಿಕ್‌ನಲ್ಲಿ 1992-93ರ ಟೋಗಾ ಕೋರ್ ಎಂಬ ಸಮುದ್ರ-ವಾತಾವರಣ ಪ್ರಯೋಗದಲ್ಲೂ ಇದೇ ತಲೆನೋವಿತ್ತು. ಅಂಥ ಮಧ್ಯಾಹ್ನಗಳಲ್ಲಿ ಮೇಲ್ಮೈ 2 ಡಿಗ್ರಿಗೂ ಹೆಚ್ಚು ಕಾದ ದಾಖಲೆಗಳಿವೆ. ಮೇಲಿನ ಕೆಲವೇ ಸೆಂಟಿಮೀಟರ್ ಅಳೆಯಲು ಸೆನ್ಸರ್ ಕಟ್ಟಿದ ತೇಲುವ ಕೊಳವೆಯನ್ನು ಹಡಗಿನ ಪಕ್ಕದಲ್ಲಿ ಎಳೆಯುತ್ತಾರೆ. ಅದಕ್ಕೆ 'ಸೀ ಸ್ನೇಕ್' ಅಂತಲೇ ಹೆಸರು!

ದಕ್ಷಿಣಗಾಳಿ: 31.4 ನಂಬುವ ಮುಂಚೆ ಒಂದು ಮಾತು. ನಿಮ್ಮ ಸಿಟಿಡಿ ಎಸ್‌ಬಿಇ 911 ಮಾದರಿ ಆದರೆ, ನೀರಿಗಿಳಿದ ಕೂಡಲೇ ಸೆನ್ಸರ್‌ಗಳಿಗೆ ನೀರು ಹರಿಸುವ ಪಂಪು ಶುರುವಾಗುವುದಿಲ್ಲ, ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಅದಕ್ಕೇ 10 ಮೀಟರ್‌ಗೆ ಇಳಿಸಿ ಕಾಯಿಸಿ, ಮತ್ತೆ ಮೇಲೆ ತಂದು ಕಾಸ್ಟ್ (ಅಳೆಯುತ್ತ ಇಳಿಸುವುದು) ಶುರುಮಾಡುವುದು. ಪಂಪು ಓಡುವ ಮುಂಚಿನ ಅಳತೆಗಳನ್ನು ಕಿತ್ತುಹಾಕಿ. ಹಡಗನ್ನು ಜಾಗದಲ್ಲೇ ಹಿಡಿದಿಡುವ ಥ್ರಸ್ಟರ್ ಓಡುತ್ತಿದ್ದರೆ ಹಡಗೇ ಮೇಲಿನ ನೀರನ್ನು ಕಲಕಿರುತ್ತದೆ. ಆಗ ನಿಜವಾದ ಮೇಲ್ಮೈ ಇನ್ನೂ ಬಿಸಿ ಇದ್ದಿರಬಹುದು.

ಉಪ್ಪುನೀರು: ಪಂಪು ಓಡುತ್ತಿತ್ತು, 31.4 ಹಾಗೇ ಉಳಿಯಿತು. ಇನ್ನೊಂದು ಕಾಲಮ್ಮೂ ಸಿಕ್ಕಿತು. ಅದು ಸಿಟಿಡಿಯ 5 ಮೀಟರ್ ಜೊತೆ ಚೆನ್ನಾಗಿ ಕೂರುತ್ತಿದೆ. ಮಿಶ್ರ ಪದರದ (ಮೇಲಿನ ಚೆನ್ನಾಗಿ ಕಲಕಿ ಒಂದೇ ಥರ ಇರುವ ನೀರು) ಆಳದ ಲೆಕ್ಕಕ್ಕೆ 2 ಮೀಟರನ್ನೇ ಆಧಾರ ಇಟ್ಟುಕೊಳ್ಳಲಾ?

ಲಂಗರು: ಬೇಡ, 10 ಮೀಟರ್ ಇಟ್ಟುಕೊಳ್ಳಿ. ಹಗಲಿನ ಬಿಸಿ ಪದರದ ಗೊಡವೆ ಬಹುಪಾಲು ತಪ್ಪುತ್ತದೆ. ಸುಮ್ನೆ ತಾಪಮಾನ ಒಂದನ್ನೇ ನೋಡಬೇಡಿ, ಸಾಂದ್ರತೆಯನ್ನೂ ನೋಡಿ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯಿಂದ ಉಪ್ಪು ಕಮ್ಮಿ ಇರುವ ನೀರು ಲಕ್ಷದ್ವೀಪದ ಕಡೆ ಬಂದು ಮೇಲೆ ಹರಡಿರುತ್ತದೆ. ತಾಪಮಾನ ಒಂದನ್ನೇ ನಂಬಿದರೆ ಆ ಉಪ್ಪಿನ ವ್ಯತ್ಯಾಸ ಕಾಣದೆ ಮಿಶ್ರ ಪದರ ಇರುವುದಕ್ಕಿಂತ ದಪ್ಪ ಕಾಣುತ್ತದೆ.