ಹೇಮಾವತಿಯಲ್ಲಿ ಗಾಳ ಹಾಕೋಕೆ ಯಾವ ರಾಡ್, ಯಾವ ರೀಲ್? ಅಂಗಡಿಯವರು ಹೇಳಿದ್ದು ಸರೀನಾ?

ಹೊಳೆದಂಡೆ ಹುಡುಗ:
ಎಲ್ಲರಿಗೂ ನಮಸ್ಕಾರ. ಚಿಕ್ಕವನಿದ್ದಾಗ ಬಿದಿರು ಕಡ್ಡಿಗೆ ತಂಗೂಸಿ ಕಟ್ಟಿ, ಎರೆಹುಳು ಚುಚ್ಚಿ ಗಾಳ ಹಾಕಿದವನು ನಾನು. ಆಮೇಲೆ ಹನ್ನೆರಡು ವರ್ಷ ಬೆಂಗಳೂರು, ಕೆಲಸ. ಗಾಳ ಮುಟ್ಟಲೇ ಇಲ್ಲ. ಈಗ ಹೊಳೆನರಸೀಪುರಕ್ಕೆ ವಾಪಸ್ ಬಂದಿದ್ದೇನೆ. ಮನೆಯಿಂದ ಹೊಳೆಗೆ ಹತ್ತು ನಿಮಿಷದ ನಡಿಗೆ.

ಅಂಗಡಿಗೆ ಹೋದರೆ 12 ಅಡಿ ರಾಡ್, 6000 ಸೈಜಿನ ರೀಲ್ ("13 ಬೇರಿಂಗ್ ಸರ್!"), 50 ಪೌಂಡ್ ಎಳೆತ ತಡೆಯೋ ಬ್ರೇಡ್ (ಹೆಣೆದ) ದಾರ ತೋರಿಸಿ 6,500 ರೂಪಾಯಿ ಅಂದರು. ನನ್ನ ಹತ್ತಿರ ಇರೋದು 4,000. ನಮ್ಮಲ್ಲಿ ಬೀಳೋ ಮೀನು ಜಿಲೇಬಿ, ಗೆಂಡೆ, ರೋಹು. ಅಪರೂಪಕ್ಕೆ ಕಾಟ್ಲಾ. ನಾನು ಕೂರೋ ಜಾಗದಲ್ಲಿ ನೀರೊಳಗೆ ಬಂಡೆ ಜಾಸ್ತಿ, ಬೆನ್ನ ಹಿಂದೆ ಹೊಂಗೆ ಮರ. ಏನು ತಗೊಳ್ಳಲಿ?

ಬೆಂಡು ಮುಳುಗಿತು:
ಬ್ರೇಡ್ ಕಣ್ಣು ಮುಚ್ಚಿ ತಗೊಳ್ಳಿ ಬ್ರದರ್. ಸಣ್ಣ ದಾರ, ಬಲ ಜಾಸ್ತಿ, ದೂರ ಹೋಗುತ್ತೆ.

ಕಪಿಲೆ ಕಡೆಯವನು:
ತಮ್ಮಾ, ದುಡ್ಡು ಕೊಟ್ಟಿಲ್ಲ ತಾನೇ? ಒಳ್ಳೆಯದಾಯಿತು.

ನಾನು ತಿರುಮಕೂಡಲು ನರಸೀಪುರದವನು. ಕಪಿಲೆ ಬಂದು ಕಾವೇರಿ ಸೇರುವ ಊರು. ನಲವತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ, ಮನೆಯವಳ ಬೈಗುಳವೂ ಅಷ್ಟೇ ವರ್ಷದ್ದು.

ಎಲ್ಲರೂ ರಾಡ್ ನೋಡಿ ಮರುಳಾಗುತ್ತಾರೆ. ನೀನು ದಾರದಿಂದ ಶುರು ಮಾಡು. ದಾರದ ದಪ್ಪ ತೀರ್ಮಾನವಾದರೆ ರೀಲ್ ಸೈಜ್ ತಾನಾಗಿ ಬರುತ್ತದೆ. ಆಮೇಲೆ ಅದಕ್ಕೊಪ್ಪುವ ರಾಡ್.

ಮೇಲಿನ ತಮ್ಮ ಬ್ರೇಡ್ ಬಗ್ಗೆ ಹೇಳಿದ್ದು ಸುಳ್ಳಲ್ಲ. ಕೆರೆಯಲ್ಲಾದರೆ ನಾನೂ ಹೂಂ ಅನ್ನುತ್ತಿದ್ದೆ. ಆದರೆ ನಿನ್ನ ಜಾಗದಲ್ಲಿ ಬಂಡೆ ಇದೆ. ಐದು ವರ್ಷದ ಹಿಂದೆ ನಾನೂ ಆಸೆ ಬಿದ್ದು 40 ಪೌಂಡ್ ಬ್ರೇಡ್ ಸುತ್ತಿಸಿದೆ. ಮೂರನೇ ದಿನವೇ ದೊಡ್ಡ ಗೆಂಡೆ ಕಚ್ಚಿತು. ಒಂದೇ ಸಲ ನೀರ ಮೇಲೆ ಹೊರಳಿ ಬೆನ್ನು ತೋರಿಸಿತು, ಸೀದಾ ಬಂಡೆ ಬಳಸಿಕೊಂಡು ಹೋಯಿತು. ದಾರ ಸಡಿಲವಾಯಿತು. ಎಳೆದು ನೋಡಿದರೆ ತುದಿ ದೀಪದ ಬತ್ತಿಯ ಹಾಗೆ ಬಿಚ್ಚಿಕೊಂಡಿತ್ತು. ಬ್ರೇಡ್ ಅಂದರೆ ಸಣ್ಣ ಸಣ್ಣ ಎಳೆ ಹೆಣೆದ ಜಡೆ. ಬಿಗಿಯಾಗಿದ್ದಾಗ ಕಲ್ಲಿಗೆ ಉಜ್ಜಿದರೆ ಒಂದೊಂದೇ ಎಳೆ ಹೋಗುತ್ತದೆ. ಅದು ಹಿಗ್ಗುವುದೂ ಇಲ್ಲ. ಗೆಂಡೆ, ರೋಹುವಿನ ಬಾಯಿ ಮೆತ್ತಗೆ ಅಲ್ವಾ? ಜೋರಾಗಿ ಎಳೆದರೆ ಗಾಳ ಹರಿದುಕೊಂಡು ಬರುತ್ತದೆ.

ನಿನಗೆ 0.35 ಮಿಲಿಮೀಟರ್ ನೈಲಾನ್ ಸಾಕು. ಅದೇ ನಮ್ಮ ತಂಗೂಸಿ. ಸುಮಾರು 15 ಪೌಂಡ್ ತಡೆಯುತ್ತದೆ. ಸ್ವಲ್ಪ ಹಿಗ್ಗುತ್ತದೆ, ಮೀನಿನ ಝಾಡಿಸುವಿಕೆ ಅದರಲ್ಲೇ ಅರ್ಧ ಇಳಿಯುತ್ತದೆ. ಬಿಸಿಲಿಗೆ ಹಾಳಾಗುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಬದಲಿಸು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚು. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೇ ದಾರ ಸೋಲುತ್ತದೆ.

ರೀಲ್ 4000 ಸೈಜ್. ಸ್ಪೂಲ್, ಅಂದರೆ ದಾರ ಸುತ್ತುವ ಉರುಳೆಯ ಮೇಲೆ 0.35/150 ಅಂತ ಬರೆದಿದ್ದರೆ, ಆ ದಪ್ಪದ ದಾರ 150 ಮೀಟರ್ ಹಿಡಿಯುತ್ತದೆ ಅಂತ ಅರ್ಥ. ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು ತುಂಬಿಸು. ಕಡಿಮೆಯಾದರೆ ದೂರ ಹೋಗಲ್ಲ, ಜಾಸ್ತಿಯಾದರೆ ಉರುಳು ಉರುಳಾಗಿ ಬಿಚ್ಚಿ ಗಂಟಾಗುತ್ತದೆ. 13 ಬೇರಿಂಗ್ ಕತೆ ಮರೆತುಬಿಡು. ಕಳಪೆ ಬೇರಿಂಗ್ 13 ಇದ್ದೇನು, ಒಳ್ಳೆಯವು ನಾಲ್ಕು ಸಾಕು. ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಚ್ಚಬೇಕು ಅಂತ ಹಿಡಿತ ಇಡುವುದು ರೀಲಿನ ಡ್ರ್ಯಾಗ್. ಅಂಗಡಿಯಲ್ಲೇ ಅದನ್ನು ಸ್ವಲ್ಪ ಸಡಿಲಿಸಿ ದಾರ ಎಳೆದು ನೋಡು. ಬೆಣ್ಣೆ ಹಾಗೆ ಬರಬೇಕು. ತಡೆದು ತಡೆದು ಬಂದರೆ ಬೇಡ.

ಮರದ ಕೆಳಗೆ 12 ಅಡಿ ರಾಡ್ ಬೀಸಿದರೆ ಹೊಂಗೆ ಎಲೆ ಹಿಡಿಯುತ್ತೀಯ. 8 ಅಡಿ, ಎರಡು ತುಂಡಿನದು ತಗೋ. ಮೇಲೆ 10–40 ಗ್ರಾಂ ಅಂತ ಇರಲಿ. ಅದು ನೀನು ಎಸೆಯಬಹುದಾದ ತೂಕ. ಸೀಸ ಒಂದೇ ಅಲ್ಲ, ರಾಗಿ ಉಂಡೆಯೂ ಅದರಲ್ಲೇ ಲೆಕ್ಕ. ರಾಡಿನ ಮೇಲೆ ದಾರ ಹಾಯುವ ಉಂಗುರಗಳ ಒಳಗೆ ಚೂರು ಹತ್ತಿ ಆಡಿಸು. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಕಾರ್ಬನ್ ರಾಡಾದರೆ ಇನ್ನೊಂದು ಮಾತು: ಅದರಲ್ಲಿ ಕರೆಂಟ್ ಹರಿಯುತ್ತದೆ. ಹೊಳೆ ದಂಡೆಯಲ್ಲಿ ಪಂಪ್‌ಸೆಟ್ಟಿನ ತಂತಿ ಎಷ್ಟು ಕೆಳಗೆ ಜೋತಿರುತ್ತದೆ ಅಂತ ನಿನಗೇ ಗೊತ್ತು.

ನಾನಾದರೆ ರೀಲಿಗೆ 1,800, ರಾಡಿಗೆ 1,500, ದಾರಕ್ಕೆ 400 ಇಡುತ್ತೇನೆ. ಉಳಿದ 300ರಲ್ಲಿ ಗಾಳ, ಸೀಸ, ಬೆಂಡು.

ಬೆಂಡು ಮುಳುಗಿತು:
ಯಜಮಾನರೇ, 15 ಪೌಂಡ್ ದಾರಕ್ಕೆ ಬಿಳಿಮೀನು (ಮಹಶೀರ್) ಬಿದ್ದರೆ? ಕಬಿನಿಯಲ್ಲಿ 1946ರಲ್ಲಿ 120 ಪೌಂಡಿನದು ಹಿಡಿದಿದ್ದರಂತೆ.

ಕಪಿಲೆ ಕಡೆಯವನು:
ಹೌದು, ಮೈಸೂರಿನ ವ್ಯಾನ್ ಇಂಗೆನ್ ಮನೆಯವರು. ಆ ಕಾಲ ಹೋಯಿತು. ಕಿತ್ತಳೆ ರೆಕ್ಕೆಯ ನಮ್ಮ ಕಾವೇರಿ ಮಹಶೀರ್ ಈಗ ನಾಶದ ಅಂಚಿನಲ್ಲಿದೆ, 2018ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಗೂ ಸೇರಿತು. ಅದನ್ನು ನೆನೆಸಿಕೊಂಡು ಸಾಮಾನು ಕೊಳ್ಳಬೇಡಿ. ಬಿದ್ದರೆ ನೀರಲ್ಲೇ ಗಾಳ ಬಿಡಿಸಿ ಕಳಿಸಿ.

ಹುಡುಗನಿಗೆ ಎರಡು ಮಾತು. ನಿನ್ನ ಕಡೆ ಹೊಳೆ ಗುತ್ತಿಗೆಗೆ ಹೋಗಿದೆಯಾ ಅಂತ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಮೊದಲು ಕೇಳು. ಮತ್ತೆ ಗೊರೂರು ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ ಅಂತ ಗೊತ್ತಾದ ದಿನ ನಡುಬಂಡೆಗೆ ಹೋಗಬೇಡ.

ಹೊಳೆದಂಡೆ ಹುಡುಗ:
ಅಣ್ಣಾ, ನೀವು ಹೇಳಿದ ಹಾಗೇ ತಗೊಂಡೆ. 3,850 ಆಯಿತು. ಡ್ರ್ಯಾಗ್ ಎಷ್ಟು ಬಿಗಿ ಇಡಬೇಕು?

ಕಪಿಲೆ ಕಡೆಯವನು:
ದಾರದ ಬಲದಲ್ಲಿ ಮೂರರಲ್ಲಿ ಒಂದು ಪಾಲು. 15 ಪೌಂಡ್ ಅಂದರೆ ಏಳು ಕಿಲೋಗೆ ಸ್ವಲ್ಪ ಕಮ್ಮಿ, ಅದರ ಮೂರನೇ ಒಂದು ಪಾಲು ಎರಡು ಕಿಲೋ ಚಿಲ್ಲರೆ. ಎರಡು ಲೀಟರ್ ಬಾಟ್ಲಿಗೆ ನೀರು ತುಂಬಿ ದಾರಕ್ಕೆ ಕಟ್ಟು. ರೀಲ್ ಕೈಯಲ್ಲಿ ಎತ್ತಿ ಹಿಡಿದಾಗ ಬಾಟ್ಲಿ ಮೆಲ್ಲಗೆ ಕೆಳಗಿಳಿಯಬೇಕು. ಅಷ್ಟೇ ಬಿಗಿ.

ಹೊಳೆದಂಡೆ ಹುಡುಗ:
ಹಜಾರದಲ್ಲಿ ನಿಂತು ಮಾಡಿ ನೋಡಿದೆ. ಇಳಿಯಿತು. ಅಮ್ಮ ಬಂದು "ಮೀನು ಹಿಡಿಯೋಕೆ ಹೋಗ್ತೀಯೋ, ಬಾವಿ ನೀರು ಸೇದೋಕೆ ಹೋಗ್ತೀಯೋ" ಅಂದರು. ಭಾನುವಾರ ಆರು ಗಂಟೆಗೆ ಹೊರಡುತ್ತೇನೆ. ರಾಗಿ ಉಂಡೆಗೆ ಬೆಲ್ಲ ಹಾಕಬೇಕಾ?

ಕಪಿಲೆ ಕಡೆಯವನು:
ಹಾಕು, ಚೂರೇ ಚೂರು. ಜಾಸ್ತಿಯಾದರೆ ಉಂಡೆ ಕರಗುತ್ತದೆ. ಗಟ್ಟಿಯಾಗಿ ಬೇಯಿಸು, ನೆಲ್ಲಿಕಾಯಿ ಗಾತ್ರ ಮಾಡು.