ಲೆನರ್ಡ್ ಕೋಹೆನ್ ಲೈವ್ ಕೇಳ್ಬೇಕು: ಮೊದಲು ಲಂಡನ್ನಾ, ಡಬ್ಲಿನ್ನಾ?

ಸೋನೆಮಳೆ:
ಎಲ್ರಿಗೂ ನಮಸ್ಕಾರ. ಕೆನಡಾದ ಕವಿ, ಗಾಯಕ ಕೋಹೆನ್ ಅವರ ಸ್ಟುಡಿಯೋ ಆಲ್ಬಮ್‌ಗಳನ್ನ ಕಾಲೇಜ್ ದಿನದಿಂದ ಕೇಳ್ಕೊಂಡ್ ಬಂದಿದೀನಿ, ಆದ್ರೆ ಲೈವ್ ಕಡೆ ಯಾಕೋ ಹೋಗೇ ಇರ್ಲಿಲ್ಲ. ಹೋದ್ ತಿಂಗಳು ಬಸ್ಸಲ್ಲಿ ಊರಿಗ್ ಹೋಗ್ತಾ ಇದ್ದೆ, ಶಿರಾಡಿ ಘಾಟಿ ಇಳೀತಾ ಇರ್ಬೇಕಾದ್ರೆ ಆಪ್ ತಾನಾಗೇ ಅವರ ಒಂದು ಲೈವ್ ಟ್ರ್ಯಾಕ್ ಹಾಕ್ತು. ಹಾಡು ಶುರುವಾಗೋಕ್ ಮುಂಚೆ ಒಂದು ತಂತಿವಾದ್ಯ ಒಂಟಿಯಾಗಿ ನುಡೀತಿತ್ತು, ಗಿಟಾರ್ ಅಲ್ಲ, ಆದ್ರೆ ಗಿಟಾರ್ ಜಾತಿದೇ ಏನೋ, ಸಾವಿರಾರು ಜನ ಉಸಿರು ಬಿಗಿಹಿಡಿದು ಕೂತಿರೋದು ಆ ರೆಕಾರ್ಡಿಂಗಲ್ಲೇ ಗೊತ್ತಾಗ್ತಿತ್ತು. ಅಷ್ಟೊತ್ತಿಗೆ ನೆಟ್‌ವರ್ಕ್ ಹೋಯ್ತು.

ಈಗ ನೋಡಿದ್ರೆ ಲೈವ್ ಇನ್ ಲಂಡನ್, ಸಾಂಗ್ಸ್ ಫ್ರಮ್ ದ ರೋಡ್, ಲೈವ್ ಇನ್ ಡಬ್ಲಿನ್, ಇನ್ನೂ ಏನೇನೋ ಇದೆ. ಯಾವುದ್ರಿಂದ ಶುರು ಮಾಡ್ಲಿ? ಹಾಡುಗಳೆಲ್ಲ ಹೆಚ್ಚು ಕಮ್ಮಿ ಅವೇ ಇವೆಯಲ್ಲ, ಎಲ್ಲಾ ಕೇಳೋ ಅಷ್ಟು ವ್ಯತ್ಯಾಸ ಇದ್ಯಾ? ಎಪ್ಪತ್ತು ದಾಟಿದ ಮೇಲೆ ಹಾಡಿರೋದು, ಗಂಟಲು ಹೋಗಿದೆ ಅಂತ ನನ್ ಫ್ರೆಂಡ್ ಹೇಳ್ತಾನೆ, ನಿಜಾನಾ?

ಹಳೇ_ರೆಕಾರ್ಡ್_ಪ್ಲೇಯರ್:
ಆ ವಾದ್ಯ ನುಡಿಸಿರೋದು ಹಾವಿಯೆರ್ ಮಾಸ್, ಸ್ಪೇನಿನವರು. ಬಂದೂರಿಯಾ, ಲಾವುದ್ ಅಂತ ಅಲ್ಲಿನ ವಾದ್ಯಗಳನ್ನ ಇಟ್ಕೊಂಡು ಸ್ಟೇಜ್ ಮೇಲೆ ಕೂತಿರ್ತಾರೆ. ನೀವ್ ಕೇಳಿದ್ದು 'ಹೂ ಬೈ ಫೈರ್' ಹಾಡಿಗೆ ಮುಂಚಿನ ಭಾಗ ಅಂತ ಕಾಣುತ್ತೆ. ಯಹೂದಿಗಳು ಯೋಮ್ ಕಿಪ್ಪುರ್ ದಿನ ಹೇಳೋ ಹಳೇ ಪ್ರಾರ್ಥನೆಯಿಂದ ಹುಟ್ಟಿದ ಹಾಡು ಅದು, ಅದಕ್ಕೆ ಆ ಆಲಾಪನೆ ಎಷ್ಟು ಹೊಂದ್ಕೊಳುತ್ತೆ ನೋಡಿ. ಮಾಸ್ ನುಡಿಸ್ತಿರ್ಬೇಕಾದ್ರೆ ಕೋಹೆನ್ ಹ್ಯಾಟ್ ತೆಗೆದು ಎದೆಗೆ ಹಿಡ್ಕೊಂಡು ಅವರ್ ಕಡೆಗೇ ತಿರುಗಿ ಕೇಳ್ತಾ ಇರ್ತಾರೆ, ಸಾಧ್ಯ ಆದ್ರೆ ಡಿವಿಡಿಲಿ ನೋಡಿ.

ಶುರು ಮಾಡೋದಾದ್ರೆ ಲಂಡನ್. ಎರಡನೇ ಮಾತಿಲ್ಲ. 2008 ಜುಲೈ 17, ಓ2 ಅರೀನಾ. ಅದರ ಹಿಂದಿನ ಕಥೆ ಗೊತ್ತಿದ್ರೆ ಇನ್ನೂ ಚೆನ್ನಾಗಿ ದಕ್ಕುತ್ತೆ. 1993ರ ಟೂರ್ ಆದ್ಮೇಲೆ ಮನುಷ್ಯ ಕ್ಯಾಲಿಫೋರ್ನಿಯಾದ ಮೌಂಟ್ ಬಾಲ್ಡಿ ಝೆನ್ ಮಠದಲ್ಲಿ ಐದು ವರ್ಷ ಇದ್ದು ಭಿಕ್ಷುವಾದ್ರು, ಮುಂದೆ 1999ರಲ್ಲಿ ನಮ್ಮ ಮುಂಬೈಗೆ ಬಂದು ರಮೇಶ್ ಬಾಲ್ಸೇಕರ್ ಅವರ ಅದ್ವೈತ ಸತ್ಸಂಗದಲ್ಲಿ ಕೂರ್ತಿದ್ರು. ಆಮೇಲೆ ಗೊತ್ತಾಗಿದ್ದು ಮ್ಯಾನೇಜರ್ ಕೈಲಿ ನಿವೃತ್ತಿಗೆ ಅಂತ ಇಟ್ಟ ದುಡ್ಡೆಲ್ಲ ಖಾಲಿ ಅಂತ. ಕೋರ್ಟು ಇವರ ಪರವಾಗೇ ಹೇಳ್ತು, ಆದ್ರೂ ಹೊಟ್ಟೆಪಾಡಿಗೆ ಮತ್ತೆ ರಸ್ತೆಗೆ ಇಳೀಲೇ ಬೇಕಾಯ್ತು, ಹದಿನೈದು ವರ್ಷ ಆದ್ಮೇಲೆ, 73ನೇ ವಯಸ್ಸಲ್ಲಿ. ಹಾಗ್ ಬಂದವರು ಸ್ಟೇಜಿಗೆ ಕುಣ್ಕೊಂಡು ಬರ್ತಾರೆ, ಮೊಣಕಾಲೂರಿ ಹಾಡ್ತಾರೆ, ಬ್ಯಾಂಡಿನ ಒಬ್ಬೊಬ್ಬರ ಹೆಸರನ್ನೂ ಹ್ಯಾಟ್ ತೆಗೆದು ಹೇಳ್ತಾರೆ. ದುಡ್ಡಿಗೆ ಅಂತ ಹೊರಟ ಟೂರು ಹೀಗಿರುತ್ತೆ ಅಂತ ಯಾರೂ ಅಂದ್ಕೊಂಡಿರಲ್ಲ.

ಒಂದು ಜಾಗ ಹೇಳ್ತೀನಿ, ಮಿಸ್ ಮಾಡ್ಬೇಡಿ. ಇಫ್ ಇಟ್ ಬಿ ಯುವರ್ ವಿಲ್. ಮೊದಲ ಸಾಲುಗಳನ್ನ ಅವರು ಬರೀ ಮಾತಲ್ಲಿ ಹೇಳಿ ಸುಮ್ಮನಾಗ್ಬಿಡ್ತಾರೆ, ಉಳಿದದ್ದು ಪೂರ್ತಿ ಹಿನ್ನೆಲೆ ಹಾಡೋ ಅಕ್ಕ-ತಂಗಿ ವೆಬ್ ಸಿಸ್ಟರ್ಸ್, ಒಬ್ರ ಕೈಲಿ ಹಾರ್ಪ್, ಇನ್ನೊಬ್ರ ಕೈಲಿ ಗಿಟಾರ್. ತಾನು ಬರೆದ ಹಾಡನ್ನ ಪಕ್ಕದಲ್ಲಿ ನಿಂತು ಕೇಳೋದು ಎಷ್ಟು ದೊಡ್ಡ ಗುಣ.

ಸಾಂಗ್ಸ್ ಫ್ರಮ್ ದ ರೋಡ್ ಆಮೇಲೆ ಕೇಳಿದ್ರೂ ನಡೆಯುತ್ತೆ, ಬೇರೆ ಬೇರೆ ಊರಿನ 12 ಹಾಡು ಜೋಡಿಸಿದ್ದು, ಎಲ್ಲಾ ಯುರೋಪಿನದ್ದೂ ಅಲ್ಲ. ಹಾಡು ಹಾಡಾಗಿ ಚೆನ್ನಾಗಿದೆ, ಒಂದೇ ಸಂಜೆ ಕೂತು ಕೇಳಿದ ಅನುಭವ ಮಾತ್ರ ಸಿಗಲ್ಲ.

ಧಾರವಾಡದಾಂವ:
ಗಂಟಲಾ ಹೋಗೇದ ಅಂದವ್ರಿಗೆ ಒಂದ್ ಸಲ ಕಣ್ಣು ಮುಚ್ಚಿ ಕೇಳ್ರಿ ಅಂತ ಹೇಳ್ರಿ. ದನಿ ಕೆಳಗ ಇಳದದ, ಹೋಗಿಲ್ಲ. ಮಂದ್ರದಾಗ ಒಬ್ಬ ಮನಷ್ಯಾ ಆರಾಮ ಕೂತು ಮಾತಾಡಿದಂಗ ಹಾಡ್ತಾನ, ಒಂದ ಶಬ್ದನೂ ನುಂಗೂದಿಲ್ಲ. ನಾವು ಮನ್ಸೂರ ಅಜ್ಜಾರನ್ನ ವಯಸ್ಸಾದ ಮ್ಯಾಲೆ ಕೇಳಿದವ್ರು, ದನಿಗೆ ವಯಸ್ಸಾದ್ರ ಹಾಡಿಗೆ ಏನೋ ಒಂದು ಕೂಡಿಕೋತದ ಅನ್ನೂದು ನಮಗ ಬ್ಯಾರೆ ಹೇಳಬೇಕಾಗಿಲ್ಲ.

ನನ್ನ ಓಟು ಡಬ್ಲಿನ್‌ಗೆ. 2013 ಸಪ್ಟೆಂಬರ್ 12, ಇನ್ನ ಒಂಬತ್ತು ದಿನಕ್ಕ 79 ತುಂಬೂದಿತ್ತು. ಮೂರು ಸಿಡಿ, ಪೂರ್ತಿ ಕಾರ್ಯಕ್ರಮ. ಲಂಡನ್‌ದಾಗ ಸ್ಯಾಕ್ಸೋಫೋನ್ ಭಾಳ ಅದ, ನನಗ ಅದು ಕೆಲವು ಕಡೆ ಹಾಡಿನ ಮ್ಯಾಲೆ ಸಕ್ಕರಿ ಸುರದಂಗ ಅನಸ್ತದ. ಡಬ್ಲಿನ್‌ದಾಗ ಆ ಜಾಗಾಕ್ಕ ಮಾಲ್ಡೋವಾದ ಅಲೆಕ್ಸಾಂಡ್ರು ಬುಬ್ಲಿಚಿ ಅವರ ಪಿಟೀಲು ಬಂದದ. ಮಾಸ್ ಮತ್ತ ಈ ಪಿಟೀಲು ಎದುರಾ ಬದುರಾ ಆದ್ರ ಜುಗಲ್ಬಂದಿ ಕೇಳಿದಂಗ ಆಗ್ತದ. ಮತ್ತ ಹಿನ್ನೆಲಿ ಹಾಡೂ ಶರನ್ ರಾಬಿನ್ಸನ್ ಒಬ್ಬರ ನಿಂತು ಅಲೆಕ್ಸಾಂಡ್ರಾ ಲೀವಿಂಗ್ ಹಾಡ್ತಾರ, ಅದನ್ನ ರಾತ್ರಿ ಊಟಾ ಆದ ಮ್ಯಾಲೆ ಕೇಳ್ರಿ, ಹಗಲಿ ಬ್ಯಾಡ.

ಕಡಲತೀರದ ಕಿವಿ:
ನೀವೆಲ್ಲ ಮುದುಕ ಕೋಹೆನ್‌ನಲ್ಲೇ ಉಳಿದ್ರಲ್ಲ ಮಾರಾಯ್ರೆ. ಯುರೋಪ್ ಟೂರ್ ಅಂದ್ರೆ 2008ಕ್ಕೆ ಶುರುವಾದದ್ದಲ್ಲ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಸಂಗೀತೋತ್ಸವದ 1970ರ ರೆಕಾರ್ಡಿಂಗ್ ಉಂಟು, 2009ರಲ್ಲಿ ಬಿಡುಗಡೆ ಆದದ್ದು. ಲಕ್ಷಗಟ್ಟಲೆ ಜನ, ಅಲ್ಲಲ್ಲಿ ಗಲಾಟೆ, ಬೆಂಕಿ, ಗಿಟಾರಿನ ಜಿಮಿ ಹೆಂಡ್ರಿಕ್ಸ್ ಬಾರಿಸಿ ಹೋದ ಮೇಲೆ ನಡುರಾತ್ರಿ ದಾಟಿದ ಹೊತ್ತಿಗೆ ಇವರನ್ನ ಎಬ್ಬಿಸಿ ಸ್ಟೇಜಿಗೆ ಕಳಿಸ್ತಾರೆ. ಕೋಹೆನ್ ಏನು ಮಾಡ್ತಾರೆ ಗೊತ್ತುಂಟಾ, ಎಲ್ಲರೂ ಒಂದೊಂದು ಬೆಂಕಿಕಡ್ಡಿ ಗೀರಿ, ಕತ್ತಲಲ್ಲಿ ನೀವೆಲ್ಲೆಲ್ಲಿ ಇದ್ದೀರಿ ಅಂತ ನನಗೆ ಕಾಣ್ಲಿ ಅಂತಾರೆ. ಅಷ್ಟೇ. ಆಮೇಲೆ ನಿಧಾನಕ್ಕೆ ಹಾಡ್ಲಿಕ್ಕೆ ಶುರು. ಅಂಥ ಜನ ತಣ್ಣಗಾದದ್ದು ಕೇಳುವಾಗಲೇ ಗೊತ್ತಾಗ್ತದೆ.

ಇನ್ನೊಂದು, ಫೀಲ್ಡ್ ಕಮಾಂಡರ್ ಕೋಹೆನ್. 1979ರ ಟೂರಿನದ್ದು, ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ಮತ್ತೆ ಬ್ರೈಟನ್. ಊದ್ ಅಂತ ಅರಬ್ಬೀ ತಂತಿವಾದ್ಯ, ಪಿಟೀಲು ಎಲ್ಲಾ ಆಗಲೇ ಉಂಟು, ಹಿನ್ನೆಲೆಯಲ್ಲಿ ಹಾಡುವುದು ಜೆನಿಫರ್ ವಾರ್ನ್ಸ್. ಮಾಸ್ ಮತ್ತೆ ಬುಬ್ಲಿಚಿ ತಂದ ನಾದ ಹೊಸತಲ್ಲ, ಮೂವತ್ತು ವರ್ಷ ಹಿಂದೆಯೇ ಇವರ ತಲೆಯಲ್ಲಿ ಇತ್ತು ಅಂತ ಅದು ಕೇಳಿದ್ರೆ ತಿಳೀತದೆ. ಶರನ್ ರಾಬಿನ್ಸನ್ ಕೂಡ ಆ ಟೂರಿನಲ್ಲೇ ಸೇರಿದ್ದು.

ಹಳೇ_ರೆಕಾರ್ಡ್_ಪ್ಲೇಯರ್:
@ಧಾರವಾಡದಾಂವ ಸ್ಯಾಕ್ಸೋಫೋನ್ ವಿಷಯ ಒಪ್ತೀನಿ ಸಾರ್. ಆದ್ರೂ ಲಂಡನ್ನೇ ಮೊದಲು ಅಂತ ಯಾಕೆ ಹೇಳ್ತೀನಿ ಅಂದ್ರೆ ಅಲ್ಲಿ ಜನಕ್ಕೂ ನಂಬಿಕೆ ಇಲ್ಲ, ಇವರಿಗೂ ಇಲ್ಲ, ಇಬ್ರೂ ಒಬ್ಬರನ್ನೊಬ್ರು ಮತ್ತೆ ನೋಡ್ತಿದಾರೆ. ಟವರ್ ಆಫ್ ಸಾಂಗ್‌ನಲ್ಲಿ ಪುಟ್ಟ ಕೀಬೋರ್ಡ್ ಮೇಲೆ ಮಕ್ಕಳು ನುಡಿಸೋ ಹಾಗೆ ನಾಲ್ಕು ಸ್ವರ ಒತ್ತುತ್ತಾರೆ, ಜನ ಆ ನಾಲ್ಕು ಸ್ವರಕ್ಕೆ ಕೂಗಾಡ್ತಾರೆ. ಐದು ವರ್ಷ ಆದ್ಮೇಲೆ ಡಬ್ಲಿನ್‌ನಲ್ಲಿ ಎಲ್ಲಾ ಪಳಗಿದೆ, ಆ ಅಂಜಿಕೆ ಇಲ್ಲ. ನಡುವೆ ಏನೇನಾಯ್ತು ಅಂದ್ರೆ, 2009ರ ಸೆಪ್ಟೆಂಬರ್ 18ಕ್ಕೆ ಸ್ಪೇನಿನ ವೆಲೆನ್ಸಿಯಾದಲ್ಲಿ ಹಾಡ್ತಾ ಹಾಡ್ತಾ ಸ್ಟೇಜ್ ಮೇಲೇ ಕುಸಿದು ಬಿದ್ರು, ಮೂರೇ ದಿನಕ್ಕೆ, 75ನೇ ಹುಟ್ಟುಹಬ್ಬದ ದಿನ, ಬಾರ್ಸಿಲೋನಾದಲ್ಲಿ ಪೂರ್ತಿ ಪ್ರೋಗ್ರಾಮ್ ಕೊಟ್ರು.

ಸೋನೆಮಳೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಲಂಡನ್ ಎರಡೂ ಸಿಡಿ ಮುಗಿಸ್ದೆ, ಒಂದೇ ಪಟ್ಟಿಗೆ. ಬಸ್ಸಲ್ಲಿ ಕೇಳಿದ ತುಣುಕು ಆ ಹೂ ಬೈ ಫೈರ್ ಮುಂಚಿಂದೇನೇ. ಎ ಥೌಸಂಡ್ ಕಿಸಸ್ ಡೀಪ್ ಹಾಡದೆ ಬರೀ ಓದ್ತಾರಲ್ಲ, ಹಿಂದೆ ಕೀಬೋರ್ಡ್ ಅಷ್ಟೇ ಮೆಲ್ಲಗೆ, ಆಗ ಅಪ್ಪ ನೀರು ಕುಡಿಯೋಕೆ ಎದ್ದು ಬಂದವರು ಬಾಗಿಲಲ್ಲೇ ನಿಂತ್ಬಿಟ್ರು. ಅಪ್ಪನಿಗೆ ಇಂಗ್ಲಿಷ್ ಹಾಡು ಅಂದ್ರೆ ಆಗಲ್ಲ. ಯಾರೋ ಇವ್ರು, ಕವಿನಾ ಅಂದ್ರು. ಹೌದಪ್ಪ ಅಂದೆ. ಮುಗಿಯೋವರೆಗೂ ಲೋಟ ಕೈಲಿ ಹಿಡ್ಕೊಂಡೇ ನಿಂತಿದ್ರು.

ಡಬ್ಲಿನ್ ಭಾನುವಾರಕ್ಕೆ, ರಾತ್ರಿ ಊಟ ಆದ್ಮೇಲೇ. @ಕಡಲತೀರದ ಕಿವಿ, ಐಲ್ ಆಫ್ ವೈಟ್ ವಿಡಿಯೋದಲ್ಲಿ ಆ ಬೆಂಕಿಕಡ್ಡಿ ಭಾಗ ಇದ್ಯಾ, ಇಲ್ಲ ಆಡಿಯೋದಲ್ಲಿ ಮಾತ್ರಾನಾ?